ಫೇಲಾದ ಪತ್ರಿಕೆಯನ್ನು ಮತ್ತೆ ತೆಗೆದು ನೋಡಲು ಯಾಕಿಷ್ಟು ಕಷ್ಟ?

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಸುತ್ತು ಹಾಕಿ ಬನ್ನಿ. ಗೋಡೆ ತುಂಬ ಕೋಚಿಂಗ್ ಸೆಂಟರ್‌ಗಳ ಫ್ಲೆಕ್ಸ್, ಫ್ಲೆಕ್ಸ್ ತುಂಬ ಪಾಸಾದವರ ನಗುಮುಖ. ಆದರೆ ಅದೇ ಬೀದಿಯ ಪಿಜಿಗಳಲ್ಲಿ, ಮೆಸ್‌ಗಳಲ್ಲಿ, ಬೆಳಗಾಗುತ್ತಲೇ ತುಂಬುವ ಲೈಬ್ರರಿಗಳಲ್ಲಿ ಕೂತವರಲ್ಲಿ ಒಮ್ಮೆಯಾದರೂ ಫೇಲಾದವರೇ ಜಾಸ್ತಿ. ಲೆಕ್ಕವೇ ಹಾಗಿದೆ. 2023ರ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಹೆಚ್ಚು. ಪ್ರಿಲಿಮ್ಸ್ ಬರೆದವರು 5.92 ಲಕ್ಷ. ಮೇನ್ಸ್‌ಗೆ ಹೋದವರು 14,624. ಇಂಟರ್‌ವ್ಯೂವರೆಗೆ ಬಂದವರು 2,855. ಕೊನೆಗೆ ಆಯ್ಕೆಯಾದವರು 1,016 ಮಂದಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ ಅಂತ ಬೇರೆ ಪರೀಕ್ಷೆಗಳ ಕಡೆ ತಿರುಗಿದರೂ ಕಥೆ ತೀರಾ ಬೇರೆಯಾಗುವುದಿಲ್ಲ.

ಫೇಲಾದವರಿಗೆ ಮೊದಲು ಸಿಗುವ ಸಮಾಧಾನ ಎಲ್ಲರಿಗೂ ಬಾಯಿಪಾಠವಾಗಿದೆ. ಸೋಲೇ ಗೆಲುವಿನ ಮೆಟ್ಟಿಲು! ಮಾತೇನೋ ಚೆನ್ನಾಗಿದೆ. ಆದರೆ ನಡುವೆ ಮಾಡಬೇಕಾದ ಕೆಲಸವನ್ನೇ ಅದು ಹೇಳುವುದಿಲ್ಲ. ಸೋತ ಮಾತ್ರಕ್ಕೆ ಯಾರೂ ಏನೂ ಕಲಿಯುವುದಿಲ್ಲ. ಒಂದೇ ತಪ್ಪನ್ನು ಪ್ರತಿ ಅಟೆಂಪ್ಟ್‌ನಲ್ಲೂ ಮಾಡುವವರನ್ನು ನೀವೂ ನೋಡಿರುತ್ತೀರಿ. ಸೋಲಿನಿಂದ ಕಲಿಯುವುದು ಯಾಕೆ ಕಷ್ಟ, ಕಲಿತಾಗ ಸಿಗುವ ಖುಷಿ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮನಶ್ಶಾಸ್ತ್ರದವರು ಸಾಕಷ್ಟು ಕೆಲಸ ಮಾಡಿದ್ದಾರೆ. ನಮಗೆಲ್ಲ ಗೊತ್ತಿರುವ ಈ ಪರೀಕ್ಷೆಗಳನ್ನೇ ಎದುರಿಗಿಟ್ಟುಕೊಂಡು ಅದನ್ನು ನೋಡೋಣ.

ತಪ್ಪು ಅಂದ ಕೂಡಲೇ ತಲೆ ಓಡುವುದು ನಿಲ್ಲುತ್ತದೆ

ಶಿಕಾಗೋ ವಿಶ್ವವಿದ್ಯಾಲಯದ ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಅಯೆಲೆಟ್ ಫಿಶ್‌ಬಾಕ್ 2019ರಲ್ಲಿ ಒಂದು ಸರಳವಾದ ಪ್ರಯೋಗ ಪ್ರಕಟಿಸಿದರು. ಜನರಿಗೆ ಎರಡೇ ಆಯ್ಕೆಗಳಿರುವ ಪ್ರಶ್ನೆ ಕೊಡುತ್ತಾರೆ. ಹಳೆಯ ಲಿಪಿಯದು ಎನ್ನಲಾದ ಎರಡು ಚಿಹ್ನೆಗಳಲ್ಲಿ ಯಾವುದು ಪ್ರಾಣಿಯನ್ನು ಸೂಚಿಸುತ್ತದೆ, ಇಂಥವು. ಯಾರಿಗೂ ಉತ್ತರ ಗೊತ್ತಿರುವುದಿಲ್ಲ, ಸುಮ್ನೆ ಊಹಿಸುತ್ತಾರೆ. ಆಮೇಲೆ ಕೆಲವರಿಗೆ ‘ಸರಿ’ ಎನ್ನುತ್ತಾರೆ, ಕೆಲವರಿಗೆ ‘ತಪ್ಪು’ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆಯ್ಕೆ ಇರುವುದೇ ಎರಡು. ನೀವು ಆರಿಸಿದ್ದು ತಪ್ಪು ಎಂದರೆ ಇನ್ನೊಂದು ಸರಿ ಎಂದೇ ಅರ್ಥ. ಹಾಗಾಗಿ ಎರಡು ಗುಂಪಿಗೂ ಸಿಕ್ಕ ಮಾಹಿತಿ ಒಂದೇ, ಕಲಿಯುವುದೂ ಅಷ್ಟೇ ಆಗಬೇಕಿತ್ತು. ಆಗಲಿಲ್ಲ. ಅದೇ ವಿಷಯವನ್ನು ಮತ್ತೆ ಕೇಳಿದಾಗ ‘ತಪ್ಪು’ ಎನಿಸಿಕೊಂಡವರು ಕಡಿಮೆ ಕಲಿತಿದ್ದರು. ಸರಿ ಉತ್ತರಕ್ಕೆ ದುಡ್ಡು ಸಿಗುತ್ತದೆ ಅಂದಾಗಲೂ ಹೀಗೇ ಆಯಿತು.

ಇನ್ನೊಂದು ಸುತ್ತಿನಲ್ಲಿ ಬೇರೆಯವರ ಉತ್ತರ ತೋರಿಸಿ, ಅವರದು ತಪ್ಪಾಯಿತು ಎಂದು ಹೇಳಿದರು. ಆಗ ನೋಡಿ, ಜನ ಚೆನ್ನಾಗಿಯೇ ಕಲಿತರು. ಅಂದರೆ ತಪ್ಪಿನಿಂದ ಕಲಿಯುವ ಶಕ್ತಿ ನಮ್ಮಲ್ಲಿದೆ. ಆ ತಪ್ಪು ನಮ್ಮದು ಎಂದಾಗ ಮಾತ್ರ ಮನಸ್ಸಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಕಡೆಗೆ ನೋಡಲು ಮನಸ್ಸು ಒಪ್ಪುವುದಿಲ್ಲ.

ಪರೀಕ್ಷೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಿಲಿಮ್ಸ್ ಮುಗಿದ ಸಂಜೆ ಎಲ್ಲ ಕಡೆ ಕೀ ಆನ್ಸರ್ ಓಡಾಡುತ್ತಿರುತ್ತದೆ. ಹತ್ತು ಪ್ರಶ್ನೆ ತಾಳೆ ನೋಡಿ, ಐದು ತಪ್ಪಾದರೆ ಸಾಕು, ಫೋನ್ ಮಗುಚಿ ಇಟ್ಟು ಮಲಗಿಬಿಡುತ್ತೇವೆ. ಆ ಪ್ರಶ್ನೆಪತ್ರಿಕೆ ಟ್ರಂಕಿನ ತಳ ಸೇರುತ್ತದೆ. ಮುಂದಿನ ವರ್ಷಕ್ಕೆ ಬೇಕಾದ ಅತಿ ಉಪಯುಕ್ತ ಪುಸ್ತಕ ಅದೇ ಆಗಿರುತ್ತದೆ. ನಾವು ಹೊಸ ಮೆಟೀರಿಯಲ್ ತರಲು ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ.

ಹಾಗಾದರೆ ಮಾಡುವುದೇನು? ಬೇರೆಯವರ ತಪ್ಪಿನಿಂದ ಸುಲಭವಾಗಿ ಕಲಿಯುತ್ತೇವೆ ಅಂದರೆ, ನಮ್ಮ ಪತ್ರಿಕೆಯನ್ನೂ ಬೇರೆಯವರದು ಎಂಬಂತೆ ನೋಡುವ ಒಂದು ದಾರಿ ಹುಡುಕಬೇಕು. ಇಬ್ಬರು ಗೆಳೆಯರು ಪತ್ರಿಕೆ ಅದಲುಬದಲು ಮಾಡಿಕೊಂಡು ತಪ್ಪುಗಳನ್ನು ವಿಂಗಡಿಸಬಹುದು. ಅಥವಾ ಎರಡು ವಾರ ಬಿಟ್ಟು, ಬಿಸಿ ಆರಿದ ಮೇಲೆ ಕೂರಬಹುದು. ನೋವು ಕಡಿಮೆಯಾದಷ್ಟೂ ಓದು ನೆಟ್ಟಗಾಗುತ್ತದೆ.

ಈ ಪೆಟ್ಟನ್ನು ಇನ್ನೊಬ್ಬರು ಹಂಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಘಟನೆ ಇದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಹೊಣೆ ಹೊತ್ತು ಮಾತನಾಡಿದವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗ ಅವರೇ. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಆಗಿತ್ತೆಂದು ತಂಡ ಪತ್ತೆ ಮಾಡಿತು. ಮರುವರ್ಷ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಎದುರು ಹೋಗಲು ಧವನ್ ಹೇಳಿದ್ದು ಕಲಾಂ ಅವರಿಗೆ. ನಾಯಕತ್ವದ ಪಾಠವಾಗಿ ಈ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ನನಗೆ ಇದರಲ್ಲಿ ಕಾಣುವುದು ಬೇರೆ ಅನುಕೂಲ. ಮುಖ ಉಳಿಸಿಕೊಳ್ಳುವ ಚಿಂತೆ ತಂಡದ ತಲೆಯಿಂದ ಇಳಿಯಿತು, ಕವಾಟ ಯಾಕೆ ಸೋರಿತು ಎಂದು ನೋಡುವುದಕ್ಕೆ ಅವರಿಗೆ ಬಿಡುವು ಸಿಕ್ಕಿತು. ಮನೆಗಳಲ್ಲೂ ಇಂಥವರು ಇರುತ್ತಾರೆ. ರಿಸಲ್ಟ್ ದಿನ ನೆಂಟರ ಫೋನನ್ನೆಲ್ಲ ತಾನೇ ತೆಗೆದುಕೊಂಡು, ‘ಈ ಸಲ ಆಗ್ಲಿಲ್ಲ, ಓದ್ತಿದಾಳೆ’ ಎಂದು ಎರಡೇ ಮಾತಲ್ಲಿ ಮುಗಿಸುವ ಅಮ್ಮಂದಿರು.

ಎಲ್ಲ ತಪ್ಪೂ ಒಂದೇ ಅಲ್ಲ

ಈಗ ಪತ್ರಿಕೆ ಕೈಗೆ ಬಂತು ಅಂತಿಟ್ಟುಕೊಳ್ಳಿ. ಏನು ನೋಡಬೇಕು?

ಪ್ರಿಲಿಮ್ಸ್‌ನ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಒಬ್ಬ ಹುಡುಗ 85 ಪ್ರಶ್ನೆ ಬರೆದು 50 ಸರಿ, 35 ತಪ್ಪು ಮಾಡಿದ ಎನ್ನೋಣ. ನೂರರಲ್ಲಿ 23.3 ಹೋಗಿ ಸುಮಾರು 76.7 ಅಂಕ. ಅದೇ 35ರಲ್ಲಿ 15 ತಪ್ಪನ್ನು ಬರೆಯದೇ ಬಿಟ್ಟಿದ್ದರೆ 86.7. ಹತ್ತು ಅಂಕದ ವ್ಯತ್ಯಾಸ. ಕಟ್‌ಆಫ್ ಸುತ್ತಮುತ್ತ ಹತ್ತು ಅಂಕ ಅಂದರೆ ಸಾವಿರಾರು ಜನ.

ಇದನ್ನು ನೋಡಿದ ಕೂಡಲೇ ‘ಊಹೆ ಮಾಡಲೇಬಾರದು’ ಎಂಬ ತೀರ್ಮಾನಕ್ಕೆ ಬರುವವರು ಬಹಳ. ಅದೂ ಆತುರವೇ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ, ಸರಾಸರಿ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಆಯ್ಕೆಯನ್ನು ಸರಿಯಾಗಿ ತೆಗೆದುಹಾಕಿ ಉಳಿದ ಎರಡರಲ್ಲಿ ಊಹಿಸಿದರೆ ಪ್ರಶ್ನೆಗೆ ಸರಾಸರಿ 0.67 ಅಂಕ ಲಾಭವೇ. ಹಾಗಿದ್ದರೆ ಈ ಹುಡುಗನ ಅಂಕ ಹೋಗಿದ್ದು ಎಲ್ಲಿ? ಊಹೆಯಲ್ಲಿ ಹೋಗಿರಬೇಕೆಂದೇನೂ ಇಲ್ಲ. ‘ಇದು ನನಗೆ ಗೊತ್ತು’ ಎಂದು ಧೈರ್ಯವಾಗಿ ಗುರುತು ಹಾಕಿ ತಪ್ಪಾದವುಗಳಲ್ಲಿ ಹೋಗಿರಬಹುದು. ಎರಡನ್ನೂ ಬೇರೆ ಮಾಡದೆ ಒಟ್ಟು ಅಂಕ ಮಾತ್ರ ನೋಡಿದರೆ ಕಾಯಿಲೆ ಯಾವುದೆಂದೇ ಗೊತ್ತಾಗುವುದಿಲ್ಲ.

ಅದಕ್ಕೇ ಮಾಕ್ ಟೆಸ್ಟ್ ಬರೆಯುವಾಗ ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕುವ ಅಭ್ಯಾಸ ಒಳ್ಳೆಯದು. ಖಂಡಿತ ಗೊತ್ತು, ಅರ್ಧ ಗೊತ್ತು, ಬರೀ ಊಹೆ. ತಿದ್ದುವಾಗ ಮೊದಲು ಹುಡುಕಬೇಕಾದದ್ದು ‘ಖಂಡಿತ ಗೊತ್ತು’ ಎಂದು ಬರೆದು ತಪ್ಪಾದವನ್ನು. ಇದರಲ್ಲಿ ಒಂದು ಸಂತೋಷದ ಸುದ್ದಿಯೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾನೆಟ್ ಮೆಟ್‌ಕಾಫ್ ಮತ್ತು ಬ್ರ್ಯಾಡಿ ಬಟರ್‌ಫೀಲ್ಡ್ 2001ರಲ್ಲಿ ತೋರಿಸಿದ ಪ್ರಕಾರ, ಜಾಸ್ತಿ ಭರವಸೆಯಿಂದ ಮಾಡಿದ ತಪ್ಪುಗಳೇ, ಸರಿ ಉತ್ತರ ತಿಳಿದ ಮೇಲೆ, ಹೆಚ್ಚು ಚೆನ್ನಾಗಿ ತಿದ್ದಿಹೋಗುತ್ತವೆ. ಅನುಮಾನದಿಂದ ಮಾಡಿದ ತಪ್ಪು ಮನಸ್ಸಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ‘ಅರೇ, ಇದು ತಪ್ಪಾ!’ ಎಂಬ ಅಚ್ಚರಿ ನಮ್ಮ ಗಮನವನ್ನು ಹಿಡಿದು ನಿಲ್ಲಿಸುತ್ತದೆ. ಹೆಚ್ಚು ನಾಚಿಕೆ ಆಗುವ ತಪ್ಪಿನಿಂದಲೇ ಹೆಚ್ಚು ಕಲಿಯಲು ಸಾಧ್ಯ. ಒಂದೇ ಷರತ್ತು, ಸರಿ ಉತ್ತರವನ್ನು ನೋಡುವವರೆಗಾದರೂ ಕೂರಬೇಕು.

ಇನ್ನೊಂದು ತೊಡಕು ವೇಗದ್ದು. ಬಹಳ ವರ್ಷ ಯುಪಿಎಸ್‌ಸಿ ಪ್ರಿಲಿಮ್ಸ್‌ನ ಅಂಕಗಳು ಹೊರಬರುತ್ತಿದ್ದುದು ಇಡೀ ಪರೀಕ್ಷೆಯ ಅಂತಿಮ ಫಲಿತಾಂಶ ಬಂದ ಮೇಲೇ. ಅಷ್ಟರಲ್ಲಿ ಮುಂದಿನ ಪ್ರಿಲಿಮ್ಸ್ ತಲೆ ಮೇಲೆ ಬಂದಿರುತ್ತಿತ್ತು. ವರ್ಷಕ್ಕೊಂದು ಸೋಲು, ವರ್ಷಕ್ಕೊಂದು ಪಾಠ ಅಂದರೆ ಬಹಳ ನಿಧಾನವಾಯಿತು. ಅಮೆರಿಕದ ಸಂಶೋಧಕರ ತಂಡವೊಂದು 2019ರಲ್ಲಿ ಅನುದಾನದ ಅರ್ಜಿಗಳು, ಸ್ಟಾರ್ಟ್‌ಅಪ್‌ಗಳು ಹೀಗೆ ಬೇರೆ ಬೇರೆ ಕ್ಷೇತ್ರಗಳ ಸಾಲುಸಾಲು ಸೋಲುಗಳನ್ನು ಲೆಕ್ಕ ಹಾಕಿ ನೋಡಿತು. ಕೊನೆಗೆ ಗೆದ್ದವರೂ ಗೆಲ್ಲದವರೂ ಮಾಡಿದ ಪ್ರಯತ್ನಗಳ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಹಳೆಯ ಪ್ರಯತ್ನದಿಂದ ಏನನ್ನು ಉಳಿಸಿಕೊಂಡು ಏನನ್ನು ತಿದ್ದಿದರು ಎಂಬುದರಲ್ಲಿ. ಗೆಲ್ಲುವವರಲ್ಲಿ ಒಂದು ಸೋಲಿಗೂ ಇನ್ನೊಂದು ಸೋಲಿಗೂ ನಡುವಿನ ಅವಧಿ ಕಡಿಮೆಯಾಗುತ್ತಾ ಹೋಗಿತ್ತು. ಎಲ್ಲವನ್ನೂ ಕೆಡವಿ ಪ್ರತಿ ವರ್ಷ ಮೊದಲಿಂದ ಶುರು ಮಾಡುವವರಿಗೆ ಇದು ಎಚ್ಚರಿಕೆ. ಆಪ್ಷನಲ್ ವಿಷಯ ಬದಲಿಸುವುದು, ಕೋಚಿಂಗ್ ಬದಲಿಸುವುದು, ಊರು ಬದಲಿಸುವುದು, ಇವೆಲ್ಲ ಏನೋ ಮಾಡಿದ ತೃಪ್ತಿ ಕೊಡುತ್ತವೆ. ತಪ್ಪಿದ್ದು ಪ್ರಶ್ನೆಯನ್ನು ಅವಸರದಲ್ಲಿ ಓದುವ ಅಭ್ಯಾಸದಲ್ಲಿ ಆಗಿದ್ದರೆ ಅದು ದೆಹಲಿಗೂ ಜೊತೆಗೇ ಬರುತ್ತದೆ.

ಉತ್ಸಾಹ ಎಲ್ಲಿಂದ ಬರುತ್ತದೆ

ಇಷ್ಟೆಲ್ಲ ಗೊತ್ತಿದ್ದರೂ ಎದ್ದು ಕೂರಲು ಮನಸ್ಸೇ ಬರುವುದಿಲ್ಲ ಅಲ್ವಾ? ಇದಕ್ಕೂ ಒಂದು ವಿವರಣೆ ಇದೆ. ಅದು ಐವತ್ತು ವರ್ಷಗಳಲ್ಲಿ ತಲೆಕೆಳಗಾದ ವಿವರಣೆ.

1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಒಪ್ಪಲಿಕ್ಕಿಲ್ಲ. ಒಂದು ಗುಂಪಿನ ನಾಯಿಗಳು ತಲೆಯಿಂದ ಫಲಕವೊಂದನ್ನು ಒತ್ತಿ ಕರೆಂಟಿನ ಶಾಕ್ ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪು ಏನು ಮಾಡಿದರೂ ಶಾಕ್ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಸಣ್ಣ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪು ಹಾರಿತು. ಎರಡನೇ ಗುಂಪಿನ ಹೆಚ್ಚಿನ ನಾಯಿಗಳು ಅಲ್ಲೇ ಮಲಗಿಬಿಟ್ಟವು. ‘ಏನು ಮಾಡಿದರೂ ಅಷ್ಟೇ’ ಎಂಬುದನ್ನು ಅವು ಕಲಿತಿವೆ ಎಂದು ಇಬ್ಬರೂ ಹೇಳಿದರು. ಈ ಮಾತು ಜಗತ್ತಿನ ಎಲ್ಲ ಮನಶ್ಶಾಸ್ತ್ರ ಪುಸ್ತಕಗಳಿಗೂ ಹೋಯಿತು.

2016ರಲ್ಲಿ ಅದೇ ಇಬ್ಬರು, ಮಿದುಳಿನ ಬಗ್ಗೆ ಆಮೇಲೆ ನಡೆದ ಅಧ್ಯಯನಗಳನ್ನೆಲ್ಲ ಇಟ್ಟುಕೊಂಡು, ತಾವು ಹೇಳಿದ್ದು ಉಲ್ಟಾ ಆಗಿತ್ತು ಎಂದು ಬರೆದರು. ದೀರ್ಘ ಕಷ್ಟದ ಎದುರು ಸುಮ್ಮನಾಗಿಬಿಡುವುದನ್ನು ಯಾರೂ ಕಲಿಯಬೇಕಾಗಿಲ್ಲ. ಅದು ಮಿದುಳಿನ ಹುಟ್ಟುಗುಣ, ಮಿದುಳಕಾಂಡದ ಒಂದು ಭಾಗ ತಾನಾಗಿಯೇ ಮಾಡುವ ಕೆಲಸ. ಕಲಿಯಬೇಕಾದದ್ದು ‘ನಾನು ಮಾಡಿದ್ದರಿಂದ ಏನೋ ಬದಲಾಯಿತು’ ಎಂಬುದನ್ನು. ಹಣೆಯ ಹಿಂದಿರುವ ಮಿದುಳಿನ ಭಾಗ ಅದನ್ನು ಗುರುತಿಸಿದಾಗ ಆ ಜಡತನಕ್ಕೆ ತಡೆ ಬೀಳುತ್ತದೆ. ಒಮ್ಮೆ ಹಿಡಿತ ಅನುಭವಿಸಿದ ಪ್ರಾಣಿಗಳು ಮುಂದಿನ ಕಷ್ಟದಲ್ಲೂ ಅಷ್ಟು ಬೇಗ ಕುಸಿಯುವುದಿಲ್ಲ.

ಮನುಷ್ಯರ ವಿಷಯಕ್ಕೆ ಇದನ್ನು ನೇರವಾಗಿ ಅಂಟಿಸುವಾಗ ಹುಷಾರಾಗಿರಬೇಕು. ಆದರೂ ಒಂದು ಮಾತಂತೂ ಉಪಯೋಗಕ್ಕೆ ಬರುತ್ತದೆ. ಫೇಲಾದ ಮೇಲೆ ಹಾಸಿಗೆ ಬಿಟ್ಟು ಏಳಲಾಗದಿರುವುದು ಸೋಮಾರಿತನ ಅಲ್ಲ. ಮೋಟಿವೇಶನ್ ವಿಡಿಯೊ ನೋಡಿ ಅದು ಹೋಗುವುದೂ ಇಲ್ಲ. ಅದನ್ನು ಅಲುಗಾಡಿಸುವುದು ಶ್ರಮಕ್ಕೂ ಫಲಕ್ಕೂ ನಡುವೆ ನೇರ ಸಂಬಂಧ ಕಾಣುವ ಸಣ್ಣ ಕೆಲಸ. ಒಂದು ಅಧ್ಯಾಯ ಓದಿ ಇಪ್ಪತ್ತು ಪ್ರಶ್ನೆ ಬಿಡಿಸಿ, ನಿನ್ನೆ ತಪ್ಪಾಗಿದ್ದ ಆರು ಇವತ್ತು ಸರಿಯಾಗಿವೆ ಎಂದು ಕಣ್ಣಾರೆ ನೋಡುವುದು. ತೆರೇಸಾ ಅಮಾಬೈಲ್ ಅವರ ತಂಡ ಏಳು ಕಂಪನಿಗಳ 238 ನೌಕರರ ಸುಮಾರು 12 ಸಾವಿರ ದಿನಚರಿ ಬರಹಗಳನ್ನು ಓದಿದಾಗಲೂ ಕಂಡದ್ದು ಇಂಥದ್ದೇ. ಜನರ ಒಳ್ಳೆಯ ದಿನಗಳ ಹಿಂದೆ ಹೊಗಳಿಕೆ, ಬೋನಸ್‌ಗಳಿಗಿಂತ ಹೆಚ್ಚಾಗಿ ಇದ್ದದ್ದು ಅರ್ಥವಿರುವ ಕೆಲಸದಲ್ಲಿ ಒಂದಿಷ್ಟು ಮುಂದೆ ಹೋದ ಅನುಭವ. ಸೋಲಿನ ಆಮೇಲಿನ ಖುಷಿ ಅಂತ ಏನಾದರೂ ಇದ್ದರೆ ಅದು ಇಲ್ಲಿದೆ. ರ‍್ಯಾಂಕ್ ಬರುವ ತನಕ ಕಾಯಬೇಕಾಗಿಲ್ಲದ ಖುಷಿ.

‘ಬೈದರೆ ಬುದ್ಧಿ ಬರುತ್ತೆ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಬೇರೆಯವರು ಬೈಯದಿದ್ದರೆ ನಮಗೆ ನಾವೇ ಬೈದುಕೊಳ್ಳುತ್ತೇವೆ. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಇದನ್ನು ಪರೀಕ್ಷಿಸಿದರು. ಕಷ್ಟದ ಪದಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ‘ಇದು ನಿಮ್ಮೊಬ್ಬರಿಗೇ ಆದದ್ದಲ್ಲ, ನಿಮ್ಮ ಮೇಲೆ ತೀರಾ ಕಠಿಣವಾಗಬೇಡಿ’ ಎಂಬರ್ಥದ ಮಾತು ಹೇಳಿದರು. ಇನ್ನೊಂದು ಗುಂಪಿಗೆ ‘ನೀವು ಇಲ್ಲಿಗೆ ಬಂದಿದ್ದೀರಿ ಅಂದರೆ ಬುದ್ಧಿವಂತರೇ’ ಎಂಬಂಥ ಹೊಗಳಿಕೆ. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು. ಸಾಂತ್ವನ ಕೊಟ್ಟರೆ ಸಡಿಲ ಬಿಡುತ್ತಾರೆ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ. ಬುದ್ಧಿವಂತ ಎಂಬ ಹೊಗಳಿಕೆಯೂ ಅಷ್ಟು ಕೆಲಸ ಮಾಡಲಿಲ್ಲ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು.

ಆದರೆ ಒಂದು ಗೆರೆ ಇದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದರೆ ಅದು ಪಾಠ ಕಲಿಯುವ ಹೊತ್ತಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಶ್ನೆಪತ್ರಿಕೆ ಆಮೇಲೂ ಇರುತ್ತದೆ.

ಕೂದಲೆಳೆಯಲ್ಲಿ ತಪ್ಪಿದವರು, ಮತ್ತೆ ಬಿಡುವ ಪ್ರಶ್ನೆ

ಎಲ್ಲಕ್ಕಿಂತ ಉರಿಯುವ ಸೋಲು ಒಂದೆರಡು ಅಂಕದ್ದು. ಇಂಟರ್‌ವ್ಯೂವರೆಗೆ ಹೋಗಿ ಬಂದವರ ಸಂಕಟ ಪ್ರಿಲಿಮ್ಸ್‌ನಲ್ಲೇ ಬಿದ್ದವರಿಗಿಂತ ಹೆಚ್ಚು. ಅಮೆರಿಕದ ವೈದ್ಯಕೀಯ ಸಂಶೋಧನಾ ಅನುದಾನದಲ್ಲಿ ಕೂದಲೆಳೆಯಲ್ಲಿ ಸಿಕ್ಕವರನ್ನೂ ಕೂದಲೆಳೆಯಲ್ಲಿ ತಪ್ಪಿದ ಯುವ ವಿಜ್ಞಾನಿಗಳನ್ನೂ 2019ರ ಅಧ್ಯಯನವೊಂದು ಹತ್ತು ವರ್ಷದ ಮಟ್ಟಿಗೆ ಹೋಲಿಸಿತು. ತಪ್ಪಿದವರಲ್ಲಿ ಹಲವರು ಆ ಕ್ಷೇತ್ರವನ್ನೇ ಬಿಟ್ಟರು. ಆದರೆ ಉಳಿದವರ ಕೆಲಸ ಗೆದ್ದವರ ಕೆಲಸಕ್ಕಿಂತ ಹೆಚ್ಚು ಪ್ರಭಾವ ಬೀರಿತು. ಈ ಫಲಿತಾಂಶದ ಎರಡನೇ ಅರ್ಧವನ್ನು ಮಾತ್ರ ಎತ್ತಿ ಹೇಳುವವರು ಬಹಳ. ಬಿಟ್ಟುಹೋದವರೂ ಅದೇ ಲೆಕ್ಕದಲ್ಲಿದ್ದಾರೆ. ಫ್ಲೆಕ್ಸ್‌ನಲ್ಲಿ ಇಲ್ಲ, ಅಷ್ಟೇ.

ಬಿಡುವುದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಬಿಟ್ಟವನು ಸೋತ, ಹಿಡಿದವನು ಗೆದ್ದ, ಅಷ್ಟೇ. ಕೆನಡಾದ ಕಾರ್ಸ್ಟೆನ್ ರಾಶ್ ಮತ್ತು ಸಂಗಡಿಗರು ಎರಡು ದಶಕದಿಂದ ಇದನ್ನೇ ಅಧ್ಯಯನ ಮಾಡುತ್ತಿದ್ದಾರೆ. ಕೈಗೆಟುಕದ ಗುರಿಯಿಂದ ಹಿಂದೆ ಸರಿಯಬಲ್ಲವರು, ಮುಖ್ಯವಾಗಿ ಅದರ ಜಾಗದಲ್ಲಿ ಮತ್ತೊಂದು ಗುರಿ ಹಿಡಿಯಬಲ್ಲವರು, ಹೆಚ್ಚು ನೆಮ್ಮದಿಯಲ್ಲಿರುತ್ತಾರೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡಿದೆ. ಎರಡನೆಯ ಭಾಗವೇ ಗಟ್ಟಿಯಾದದ್ದು. ಬರೀ ಬಿಟ್ಟು ಖಾಲಿ ಕೂತರೆ ಬೇರೆ ತೊಂದರೆ. ದೊಡ್ಡ ನಿರಾಸೆಗಳಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಹೊಂದಿಕೊಳ್ಳುತ್ತೇವೆ ಎಂದು ಡ್ಯಾನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದರು. ಕಾಯಂ ಹುದ್ದೆ ತಪ್ಪಿದ ಪ್ರಾಧ್ಯಾಪಕರು ಕೆಲ ವರ್ಷಗಳ ನಂತರ ಹುದ್ದೆ ಸಿಕ್ಕವರಷ್ಟೇ ಸುಖವಾಗಿದ್ದರು. ಆದರೆ ನಿರುದ್ಯೋಗ ಹಾಗಲ್ಲ. ಜರ್ಮನಿಯಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡವರು ಮತ್ತೆ ಕೆಲಸ ಸಿಕ್ಕ ಮೇಲೂ ಸರಾಸರಿಯಲ್ಲಿ ಹಳೆಯ ನೆಮ್ಮದಿಗೆ ಪೂರ್ತಿ ಮರಳಿರಲಿಲ್ಲ. ತಯಾರಿ ಎಂಬ ಹೆಸರಿನಲ್ಲಿ ಸಂಬಳವಿಲ್ಲದೆ ಕಳೆಯುವ ಏಳೆಂಟು ವರ್ಷಕ್ಕೂ ಬೆಲೆ ಇದೆ.

ಸಾಮಾನ್ಯ ವರ್ಗದವರಿಗೆ ಯುಪಿಎಸ್‌ಸಿ ಕೊಡುವುದು 6 ಅಟೆಂಪ್ಟ್, ಹಿಂದುಳಿದ ವರ್ಗದವರಿಗೆ 9, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಯಸ್ಸಿನ ಮಿತಿಯವರೆಗೆ ಎಷ್ಟಾದರೂ. ಅದು ಆಯೋಗದ ಮಿತಿ. ನಿಮ್ಮ ಮಿತಿಯನ್ನು ನೀವೇ ಬೇರೆ ಬರೆದಿಟ್ಟುಕೊಳ್ಳಬೇಕು, ಅದೂ ಶುರುವಿನಲ್ಲೇ: ಎಷ್ಟು ಅಟೆಂಪ್ಟ್, ಎಷ್ಟು ದುಡ್ಡು, ಮಾಕ್ ಟೆಸ್ಟ್‌ನಲ್ಲಿ ಎಷ್ಟು ಅಂಕ ದಾಟದಿದ್ದರೆ ಬೇರೆ ದಾರಿ, ಆ ಬೇರೆ ದಾರಿ ಯಾವುದು. ಬ್ಯಾಂಕ್ ಪರೀಕ್ಷೆಯೋ, ಬಿ.ಎಡ್ಡೋ, ಊರಿನ ತೋಟವೋ. ಆ ಚೀಟಿಯನ್ನು ಮನೆಯಲ್ಲಿ ಒಬ್ಬರಿಗಾದರೂ ತೋರಿಸಿ. ರಿಸಲ್ಟ್ ಬಂದ ವಾರದಲ್ಲಿ ಮುಂದುವರಿಯುವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ, ಬಿಡುವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಮುಂದಿನ ಅರ್ಜಿಯ ಕೊನೆಯ ದಿನಾಂಕ ನೋಡಿ, ಅದಕ್ಕೆ ಒಂದು ತಿಂಗಳು ಮೊದಲು ಚೀಟಿ ಮತ್ತು ತಿದ್ದಿದ ಪತ್ರಿಕೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಿ.